ಹೆಸರಿಲ್ಲದ ಬಟನ್, ಕೋರ್ಟ್ ಮೆಟ್ಟಿಲೇರಿದ ಗಿರಾಕಿ: ಅಂಧರ ಆನ್‌ಲೈನ್ ಶಾಪಿಂಗ್ ಕೇಸುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಕೂತು ಅಮೆರಿಕದ ಅಂಗಡಿಗಳಿಗೆ ವೆಬ್‌ಸೈಟ್ ಮಾಡುವವರಿಗೆ ಒಂದಲ್ಲ ಒಂದು ದಿನ ಇಂಥದ್ದೊಂದು ಮೇಲ್ ಬರುತ್ತದೆ: ‘ಕ್ಲೈಂಟ್ ಮೇಲೆ ಎಡಿಎ ಕೇಸು ಬಿದ್ದಿದೆ, ಅರ್ಜೆಂಟ್.’ ಎಡಿಎ ಅಂದರೆ ಅಂಗವಿಕಲರ ಹಕ್ಕುಗಳ ಬಗ್ಗೆ ಅಮೆರಿಕದಲ್ಲಿರುವ ಕಾಯ್ದೆ. ಕೇಸು ಹಾಕಿದವರು ಯಾರು, ಯಾಕೆ ಹಾಕಿದರು, ಸರಿ ಮಾಡಬೇಕಾದ್ದು ಏನು ಅನ್ನುವುದು ಅದರಲ್ಲಿ ಇರುವುದಿಲ್ಲ. ಇತ್ತ ನಮ್ಮೂರಲ್ಲೇ ಫೋನಿನಲ್ಲಿ ಅರ್ಧ ಕೆಜಿ ತೊಗರಿಬೇಳೆ ತರಿಸಲು ಹೆಣಗುವ ಅಂಧರಿದ್ದಾರೆ. ದೂರು ಎಲ್ಲಿ ಕೊಡಬೇಕು ಅನ್ನುವುದು ಅವರ ಪ್ರಶ್ನೆ. ಎರಡೂ ಕಡೆಯವರು ಕೇಳುವುದನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ನಾನು ವಕೀಲನಲ್ಲ, ಸೈಟುಗಳನ್ನು ಟೆಸ್ಟ್ ಮಾಡುವ ಕೆಲಸದವನು. ನಿಮ್ಮ ಮೇಲೇ ನೋಟಿಸ್ ಬಂದಿದ್ದರೆ ಮೊದಲು ವಕೀಲರನ್ನು ಕಾಣಿ.

ಕಣ್ಣು ಕಾಣದವರು ಆನ್‌ಲೈನ್‌ನಲ್ಲಿ ಸಾಮಾನು ಕೊಳ್ಳುವುದಾದರೂ ಹೇಗೆ?

ಸ್ಕ್ರೀನ್ ರೀಡರ್ ಅನ್ನುವ ಸಾಫ್ಟ್‌ವೇರ್ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್. ವಿಂಡೋಸ್ ಕಂಪ್ಯೂಟರಿಗೆ ಜಾಸ್ ಇದೆ, ಅದಕ್ಕೆ ದುಡ್ಡು ಕೊಡಬೇಕು. ಎನ್‌ವಿಡಿಎ ಪೂರ್ತಿ ಉಚಿತ. 2006ರಲ್ಲಿ ಆಸ್ಟ್ರೇಲಿಯಾದ ಒಬ್ಬ ಅಂಧ ಯುವಕ ಶುರು ಮಾಡಿದ್ದು. ಕನ್ನಡವನ್ನೂ ಓದುತ್ತದೆ. ಮೌಸ್ ಬೇಕಿಲ್ಲ. ಟ್ಯಾಬ್ ಒತ್ತುತ್ತಾ ಹೋಗಬಹುದು, ಎಚ್ ಒತ್ತಿದರೆ ಮುಂದಿನ ಹೆಡಿಂಗ್, ಬಿ ಒತ್ತಿದರೆ ಮುಂದಿನ ಬಟನ್. ಪಳಗಿದವರು ಮಾತಿನ ವೇಗವನ್ನು ಎಷ್ಟು ಏರಿಸಿಕೊಂಡಿರುತ್ತಾರೆ ಅಂದರೆ ಪಕ್ಕದಲ್ಲಿ ಕೂತವರಿಗೆ ಒಂದು ಪದವೂ ಸಿಕ್ಕುವುದಿಲ್ಲ.

ಎಲ್ಲವನ್ನೂ ಓದಿ ಹೇಳುತ್ತದೆ ಅಂದಮೇಲೆ ತೊಂದರೆ ಏನು?

ಸ್ಕ್ರೀನ್ ರೀಡರ್ ಓದುವುದು ಕೋಡಿನಲ್ಲಿ ಬರೆದಿರುವುದನ್ನು. ಬರೆಯದೇ ಬಿಟ್ಟದ್ದು ಅದಕ್ಕೆ ಗೊತ್ತಾಗುವುದಿಲ್ಲ.

ಮಾನಿಟರ್ ಆಫ್ ಮಾಡಿ, ಹೆಡ್‌ಫೋನ್ ಹಾಕಿಕೊಂಡು, ಸೀರೆ ಮಾರುವ ಯಾವುದಾದರೂ ಸೈಟ್ ತೆರೆಯಿರಿ. ‘ಲಿಂಕ್, ಐಎಂಜಿ ಅಂಡರ್‌ಸ್ಕೋರ್ ನಾಲ್ಕು ನಾಲ್ಕು ಏಳು ಒಂದು ಡಾಟ್ ಜೆಪಿಜಿ’ ಅಂತ ಕೇಳಿಸುತ್ತದೆ. ಮೈಸೂರು ರೇಷ್ಮೆಯೋ ಇಳಕಲ್ಲೋ ತಿಳಿಯುವುದಿಲ್ಲ. ಹೇಗೋ ಒಂದನ್ನು ಆರಿಸಿ ಒಳಗೆ ಹೋದರೆ ಬಣ್ಣ ಆರಿಸುವ ಜಾಗ. ಕಣ್ಣಿರುವವರಿಗೆ ಅಲ್ಲಿ ಆರು ಬಣ್ಣದ ಚುಕ್ಕಿಗಳು. ಕಿವಿಗೆ ಕೇಳುವುದು ‘ಬಟನ್, ಬಟನ್, ಬಟನ್’ ಅಂತ ಆರು ಸಲ. ಅಷ್ಟರಲ್ಲಿ ಹಬ್ಬದ ಡಿಸ್ಕೌಂಟ್ ಅಂತ ಒಂದು ಪಾಪ್‌ಅಪ್ ಮುಂದೆ ಬಂದು ಕೂರುತ್ತದೆ. ಅದು ಬಂದಿದೆ ಅಂತ ಯಾರೂ ಹೇಳುವುದಿಲ್ಲ, ಅದರ ಮುಚ್ಚುವ ಗುರುತಿಗೂ ಹೆಸರಿಲ್ಲ. ಅದನ್ನೂ ದಾಟಿದರೆ ವಿಳಾಸದ ಫಾರ್ಮ್: ‘ಎಡಿಟ್, ಖಾಲಿ. ಎಡಿಟ್, ಖಾಲಿ.’ ಯಾವುದರಲ್ಲಿ ಪಿನ್‌ಕೋಡ್ ಬರೆಯಬೇಕು, ಯಾವುದರಲ್ಲಿ ಮೊಬೈಲ್ ನಂಬರ್? ತಪ್ಪಿದರೆ ಪೆಟ್ಟಿಗೆ ಕೆಂಪಗಾಗುತ್ತದೆ. ಕೆಂಪನ್ನು ಕೇಳಿಸಿಕೊಳ್ಳುವುದು ಹೇಗೆ? ಕೊನೆಗೆ ಕ್ಯಾಪ್ಚಾ, ಅಂದರೆ ನೀವು ಯಂತ್ರವಲ್ಲ ಅಂತ ಚಿತ್ರ ನೋಡಿ ಸಾಬೀತು ಮಾಡುವ ಪರೀಕ್ಷೆ. ಅಲ್ಲಿಗೆ ಎಷ್ಟೋ ಜನ ಕೈಬಿಟ್ಟು ಮನೆಯವರನ್ನು ಕರೆಯುತ್ತಾರೆ. ಮೂವತ್ತು ವರ್ಷದ ದುಡಿಯುವ ಮನುಷ್ಯ ತನ್ನ ಒಳಉಡುಪು ಕೊಳ್ಳಲು ತಮ್ಮನನ್ನು ಕೂಗಬೇಕು. ಕಾರ್ಡಿನ ನಂಬರನ್ನೂ ಅವನಿಗೇ ಹೇಳಬೇಕು.

ಕಂಪನಿಗೆ ಒಂದು ಮೇಲ್ ಹಾಕಿದರೆ ಸಾಲದಾ? ಇಷ್ಟಕ್ಕೆ ಕೋರ್ಟ್ ಯಾಕೆ?

ಎಷ್ಟೋ ಜನ ಮೊದಲು ಮೇಲ್ ಹಾಕಿಯೇ ಇರುತ್ತಾರೆ. ‘ನಿಮ್ಮ ಅಭಿಪ್ರಾಯ ನಮಗೆ ಮುಖ್ಯ’ ಅಂತ ಉತ್ತರ ಬರುತ್ತದೆ, ಬಟನ್ ಹಾಗೇ ಇರುತ್ತದೆ. ಅಮೆರಿಕದ ದೊಡ್ಡ ಕೇಸುಗಳಲ್ಲಿ ಮೊದಲನೆಯದಾದ, ಟಾರ್ಗೆಟ್ ಎಂಬ ಅಂಗಡಿ ಸರಣಿಯ ಮೇಲಿನ ಕೇಸಿನಲ್ಲೂ ಮೊದಲು ಪತ್ರ ಹೋಗಿತ್ತು, ಮಾತುಕತೆ ಆಗಿತ್ತು. ಅದು ಮುರಿದುಬಿದ್ದ ಮೇಲೆಯೇ ದಾವೆ ಹೂಡಿದ್ದು.

ಎಡಿಎ ಅಂದರೆ ಏನು?

ಅಮೆರಿಕನ್ಸ್ ವಿತ್ ಡಿಸಬಿಲಿಟೀಸ್ ಆಕ್ಟ್. 1990ರ ಜುಲೈ 26ರಂದು ಸಹಿ ಬಿದ್ದ ಕಾಯ್ದೆ. ಅದರ ಮೂರನೇ ಭಾಗ ಖಾಸಗಿ ವ್ಯವಹಾರಗಳಿಗೆ ಸೇರಿದ್ದು. ಸಾರ್ವಜನಿಕರು ಬಂದುಹೋಗುವ ಜಾಗಗಳಲ್ಲಿ ಅಂಗವಿಕಲರಿಗೆ ಉಳಿದವರಷ್ಟೇ ಪೂರ್ತಿಯಾಗಿ ಸೇವೆ ಸಿಗಬೇಕು ಅನ್ನುತ್ತದೆ. ಹೋಟೆಲು, ಬೇಕರಿ, ದಿನಸಿ ಅಂಗಡಿ, ಲಾಂಡ್ರಿ, ಮೃಗಾಲಯ ಹೀಗೆ ಒಂದು ಉದ್ದನೆಯ ಪಟ್ಟಿ ಕೊಡುತ್ತದೆ. ಆ ಪಟ್ಟಿಯಲ್ಲಿ ವೆಬ್‌ಸೈಟ್ ಇಲ್ಲ. 1990ರಲ್ಲಿ ಆನ್‌ಲೈನ್ ಅಂಗಡಿ ಎಲ್ಲಿತ್ತು ಹೇಳಿ? ಮುಂದಿನ ಮೂವತ್ತೈದು ವರ್ಷಗಳ ಜಗಳವೆಲ್ಲ ಇದೊಂದು ಕೊರತೆಯಿಂದ ಹುಟ್ಟಿದ್ದು.

ಟಾರ್ಗೆಟ್ ಕೇಸಿನಲ್ಲಿ ಏನಾಯಿತು?

ಟಾರ್ಗೆಟ್ ಅಮೆರಿಕದ ಊರೂರಲ್ಲೂ ಇರುವ ದೊಡ್ಡ ಅಂಗಡಿ ಸರಣಿ. 2006ರ ಫೆಬ್ರವರಿಯಲ್ಲಿ ನ್ಯಾಷನಲ್ ಫೆಡರೇಷನ್ ಆಫ್ ದಿ ಬ್ಲೈಂಡ್ ಎಂಬ ಅಂಧರದ್ದೇ ಸಂಘಟನೆ, ಕ್ಯಾಲಿಫೋರ್ನಿಯಾದ ಒಬ್ಬ ಅಂಧ ವಿದ್ಯಾರ್ಥಿ ಜೊತೆ ಸೇರಿ ಕೇಸು ಹಾಕಿತು. ದೂರಿನಲ್ಲಿ ಇದ್ದ ಮುಖ್ಯ ವಿಷಯಗಳು: ಚಿತ್ರಗಳಿಗೆ ಆಲ್ಟ್ ಟೆಕ್ಸ್ಟ್ ಇಲ್ಲ, ಅಂದರೆ ಚಿತ್ರದಲ್ಲಿ ಏನಿದೆ ಅಂತ ಹೇಳುವ ಒಂದು ಸಾಲು ಕೋಡಿನಲ್ಲಿ ಇಲ್ಲ, ಮತ್ತೆ, ಖರೀದಿ ಮುಗಿಸಬೇಕಾದರೆ ಮೌಸ್ ಬೇಕೇ ಬೇಕು. ಎಲ್ಲವನ್ನೂ ಆರಿಸಿ ಮುಗಿಸಿದರೂ ಕೀಬೋರ್ಡ್ ನಂಬಿದವರಿಗೆ ದುಡ್ಡು ಕಟ್ಟುವ ದಾರಿ ಇಲ್ಲ.

ನಮ್ಮ ಅಂಗಡಿಗೆ ಬರಲು ಅಂಧರಿಗೆ ಯಾವ ಅಡ್ಡಿಯೂ ಇಲ್ಲ, ವೆಬ್‌ಸೈಟ್ ಒಂದು ‘ಜಾಗ’ವೇ ಅಲ್ಲ ಅಂತ ಟಾರ್ಗೆಟ್ ವಾದಿಸಿತು. 2006ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶೆ ಮರಿಲಿನ್ ಹಾಲ್ ಪಟೇಲ್ ಇದನ್ನು ಪೂರ್ತಿ ಒಪ್ಪಲಿಲ್ಲ. ಸೈಟು ಅಂಗಡಿಗೆ ಜೋಡಿಸಿಕೊಂಡಿದ್ದರೆ, ಸೈಟಿನ ತೊಡಕಿನಿಂದ ಅಂಗಡಿಯ ಸೇವೆ ತಪ್ಪಿದರೆ ಕಾಯ್ದೆ ಅನ್ವಯಿಸುತ್ತದೆ ಅಂದರು. ಅಂಗಡಿಗೆ ಸಂಬಂಧವೇ ಇಲ್ಲದ, ಸೈಟಿನಲ್ಲಿ ಮಾತ್ರ ಇರುವ ಸಂಗತಿಗಳನ್ನು ಹೊರಗಿಟ್ಟರು. ಮುಂದಿನ ವರ್ಷ ಇದು ದೇಶದ ಎಲ್ಲ ಅಂಧ ಗ್ರಾಹಕರ ಪರವಾದ ಸಾಮೂಹಿಕ ಕೇಸಾಯಿತು. 2008ರ ಆಗಸ್ಟಿನಲ್ಲಿ ರಾಜಿ. ಕ್ಯಾಲಿಫೋರ್ನಿಯಾದವರ ಪರಿಹಾರಕ್ಕೆ 60 ಲಕ್ಷ ಡಾಲರ್ ನಿಧಿ, ಸೈಟನ್ನು ಸರಿಪಡಿಸುವ ಒಪ್ಪಂದ, ಸರಿಯಿದೆಯಾ ಅಂತ ಆ ಅಂಧರ ಸಂಘಟನೆಯಿಂದಲೇ ತಪಾಸಣೆ. ಇನ್ನೊಂದು ಸ್ವಾರಸ್ಯ: ಆಗ ಟಾರ್ಗೆಟ್ ಸೈಟು ಓಡುತ್ತಿದ್ದದ್ದು ಅಮೆಜಾನ್ ಕಂಪನಿಯ ವ್ಯವಸ್ಥೆಯ ಮೇಲೆ. ‘ಅದು ನಮ್ಮ ವೆಂಡರ್ ಮಾಡಿದ್ದು’ ಅನ್ನುವವರು ಇದನ್ನು ಗಮನಿಸಬೇಕು. ಕೋರ್ಟಿನಲ್ಲಿ ನಿಲ್ಲುವುದು ಅಂಗಡಿಯ ಬೋರ್ಡ್ ಯಾರ ಹೆಸರಿನಲ್ಲಿದೆಯೋ ಅವರೇ.

ಅಂದರೆ ಇಟ್ಟಿಗೆ ಗೋಡೆಯ ಅಂಗಡಿ ಇದ್ದರೆ ಮಾತ್ರ ಕಾನೂನಾ? ಸುಮ್ನೆ ಆನ್‌ಲೈನ್ ಮಾತ್ರ ಮಾರುವವರಿಗೆ ಇಲ್ವಾ?

ಯಾವ ರಾಜ್ಯದಲ್ಲಿ ಕೇಸು ಬಿತ್ತು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ನಗಬೇಡಿ, ನಿಜವಾಗಿಯೂ ಹಾಗೇ ಇದೆ.

ಬಾಸ್ಟನ್ ಕಡೆಯ ಮೇಲ್ಮನವಿ ಕೋರ್ಟ್ 1994ರಲ್ಲೇ, ಆರೋಗ್ಯ ವಿಮೆಯ ಒಂದು ಕೇಸಿನಲ್ಲಿ, ಉದಾರವಾಗಿ ಯೋಚಿಸಿತ್ತು. ಕಾಯ್ದೆಯ ಪಟ್ಟಿಯಲ್ಲಿ ‘ಟ್ರಾವೆಲ್ ಸರ್ವಿಸ್’ ಅಂತ ಇದೆ. ಟಿಕೆಟ್ ಬುಕ್ ಮಾಡುವವರು ಎಷ್ಟೋ ಸಲ ಫೋನಿನಲ್ಲೇ ಮುಗಿಸುತ್ತಾರೆ, ಆಫೀಸಿಗೆ ಕಾಲಿಡುವುದಿಲ್ಲ. ಒಳಗೆ ಬಂದು ಕೊಂಡವರಿಗೆ ರಕ್ಷಣೆ, ಫೋನಿನಲ್ಲಿ ಕೊಂಡವರಿಗೆ ಇಲ್ಲ ಅಂದರೆ ಅದು ಅಸಂಬದ್ಧ ಅಂತ ಆ ಕೋರ್ಟ್ ಹೇಳಿತು. ಈ ದಾರಿ ಹಿಡಿದರೆ ಆನ್‌ಲೈನ್ ಮಾತ್ರ ಇರುವ ಅಂಗಡಿಯೂ ಒಳಗೆ ಬರುತ್ತದೆ. ಕ್ಯಾಲಿಫೋರ್ನಿಯಾ ಕಡೆಯ ಕೋರ್ಟುಗಳು ಸೈಟಿಗೂ ಒಂದು ನಿಜವಾದ ಜಾಗಕ್ಕೂ ನಂಟು ಇರಬೇಕು ಅನ್ನುತ್ತವೆ. 2022ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಮೇಲ್ಮನವಿ ಕೋರ್ಟ್ ಕೂಡ, ಅಂಗಡಿಯೇ ಇಲ್ಲದ ಬರೀ ಸೈಟು ಎಡಿಎ ಹೇಳುವ ಜಾಗವಲ್ಲ ಅಂತ ತೀರ್ಪು ಕೊಟ್ಟಿತು. ಫ್ಲಾರಿಡಾ ಕಡೆಯ ಒಂದು ಕೇಸಿನಲ್ಲಿ ಮೇಲ್ಮನವಿ ಕೋರ್ಟ್ ಇನ್ನೂ ಬಿಗಿಯಾಗಿತ್ತು.

ನನ್ನ ಮಟ್ಟಿಗೆ ಬಾಸ್ಟನ್ ಕೋರ್ಟಿನ ಮಾತೇ ನೇರ. ಗಿರಾಕಿಗೆ ಬೇಕಾದ್ದು ಸಾಮಾನು. ಅದರ ಹಿಂದೆ ಗೋಡೆ ಇದೆಯೋ ಗೋದಾಮಿದೆಯೋ ಅವನಿಗೇನು?

ಫ್ಲಾರಿಡಾದ ಆ ಕೇಸು ಯಾವುದು?

ವಿನ್-ಡಿಕ್ಸಿ ಎಂಬ ದಿನಸಿ ಅಂಗಡಿ ಸರಣಿಯದ್ದು. ಅದರ ಸೈಟಿನಲ್ಲಿ ನೇರವಾಗಿ ಏನನ್ನೂ ಮಾರುತ್ತಿರಲಿಲ್ಲ. ಆದರೆ ಡಿಸ್ಕೌಂಟ್ ಕೂಪನ್‌ಗಳನ್ನು ಕಾರ್ಡಿಗೆ ಸೇರಿಸಿಕೊಳ್ಳಬಹುದಿತ್ತು, ಹಳೆಯ ಔಷಧಿ ಚೀಟಿಯ ಮೇಲೆ ಮತ್ತೆ ಔಷಧಿ ಕಟ್ಟಿಡಲು ಹೇಳಬಹುದಿತ್ತು. ಒಬ್ಬ ಅಂಧ ಗ್ರಾಹಕರಿಗೆ ಇವೆರಡೂ ಆಗಲಿಲ್ಲ. ಔಷಧಿ ಬೇಕಾದರೆ ಕೌಂಟರಿಗೆ ಹೋಗಿ, ಹಿಂದೆ ಮುಂದೆ ಜನ ನಿಂತಿರುವಾಗ, ತನ್ನ ಕಾಯಿಲೆಯ ಮದ್ದಿನ ಹೆಸರು ಹೇಳಬೇಕು.

2017ರ ಜೂನ್‌ನಲ್ಲಿ ನ್ಯಾಯಾಧೀಶ ರಾಬರ್ಟ್ ಸ್ಕೋಲಾ ಆ ಗ್ರಾಹಕರ ಪರ ತೀರ್ಪು ಕೊಟ್ಟರು. ಇಂಥ ಕೇಸುಗಳು ಸಾಮಾನ್ಯವಾಗಿ ರಾಜಿಯಲ್ಲೇ ಮುಗಿಯುತ್ತಿದ್ದವು; ಪೂರ್ತಿ ವಿಚಾರಣೆ ನಡೆದು ತೀರ್ಪು ಬಂದದ್ದು ಇದೇ ಮೊದಲು ಅನ್ನುತ್ತಾರೆ. ತೀರ್ಪಿನಲ್ಲಿರುವ ಲೆಕ್ಕ ನೋಡಿ. ಸೈಟನ್ನು 2015ರಲ್ಲಿ ಹೊಸದಾಗಿ ಕಟ್ಟಲು ಕಂಪನಿ ಸುಮಾರು 20 ಲಕ್ಷ ಡಾಲರ್ ಸುರಿದಿತ್ತು. 2016ರಲ್ಲಿ ರಿವಾರ್ಡ್ ಕಾರ್ಡಿಗಾಗಿ ಅದನ್ನೇ ಬದಲಿಸಲು ಮತ್ತೆ 70 ಲಕ್ಷ. ಅಂಧರಿಗೆ ಸರಿಹೋಗುವಂತೆ ಮಾಡಲು ಕಂಪನಿ ಇಟ್ಟಿದ್ದ ಅಂದಾಜು 2.5 ಲಕ್ಷ ಡಾಲರ್. ವಾದಿಯ ಕಡೆಯ ತಜ್ಞರು ಹೇಳಿದ್ದು 37,000 ಡಾಲರ್. ಎರಡರಲ್ಲಿ ಯಾವುದೇ ಆಗಲಿ, 90 ಲಕ್ಷದ ಮುಂದೆ ಎಷ್ಟು?

ಆದರೆ 2021ರ ಏಪ್ರಿಲ್‌ನಲ್ಲಿ ಮೇಲ್ಮನವಿ ಕೋರ್ಟ್ ಇದನ್ನು ಎರಡಕ್ಕೆ ಒಂದರ ಬಹುಮತದಲ್ಲಿ ತಳ್ಳಿಹಾಕಿತು. ಸೈಟು ಜಾಗವಲ್ಲ, ಸಾಮಾನು ಬೇಕಿದ್ದರೆ ಅಂಗಡಿಗೆ ಹೋಗಬಹುದಿತ್ತು ಅನ್ನುವುದು ಸಾರಾಂಶ. ನ್ಯಾಯಾಧೀಶೆ ಜಿಲ್ ಪ್ರಯರ್ ಭಿನ್ನಮತ ಬರೆದರು. ಅಷ್ಟಕ್ಕೇ ಮುಗಿಯಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಆ ಕೋರ್ಟೇ ತನ್ನ ತೀರ್ಪನ್ನು ರದ್ದು ಮಾಡಿತು. ಕೆಳ ಕೋರ್ಟಿನ ಆದೇಶದ ಅವಧಿ ಅಷ್ಟರಲ್ಲಿ ಮುಗಿದಿತ್ತು, ವಿವಾದವೇ ಉಳಿದಿಲ್ಲ ಅನ್ನುವ ಕಾರಣಕ್ಕೆ. ಐದು ವರ್ಷ ಗುದ್ದಾಡಿ ಕೊನೆಗೆ ಎರಡೂ ತೀರ್ಪು ಅಳಿಸಿಹೋದವು.

ಡೊಮಿನೋಸ್ ಕೇಸಿನ ಬಗ್ಗೆ ಜಾಸ್ತಿ ಕೇಳಿಬರುತ್ತದಲ್ಲ, ಯಾಕೆ?

ಸುಪ್ರೀಂ ಕೋರ್ಟ್ ಬಾಗಿಲವರೆಗೆ ಹೋದದ್ದಕ್ಕೆ. ಕ್ಯಾಲಿಫೋರ್ನಿಯಾದ ಅಂಧರೊಬ್ಬರು ಹತ್ತಿರದ ಡೊಮಿನೋಸ್‌ನಿಂದ ತಮಗೆ ಬೇಕಾದ ಹಾಗೆ ಒಂದು ಪಿಜ್ಜಾ ತರಿಸಲು ನೋಡಿದರು. ಸೈಟು, ಆ್ಯಪ್ ಎರಡೂ ಅವರ ಸ್ಕ್ರೀನ್ ರೀಡರಿಗೆ ಸ್ಪಂದಿಸಲಿಲ್ಲ. 2016ರಲ್ಲಿ ಕೇಸು. ಮೊದಲ ಕೋರ್ಟ್ ವಜಾ ಮಾಡಿತು: ಸರ್ಕಾರ ಯಾವ ಮಾನದಂಡವನ್ನೂ ಹೇಳದೆ ಕಂಪನಿಯನ್ನು ಹೊಣೆ ಮಾಡುವುದು ಸರಿಯಲ್ಲ ಅಂತ. 2019ರ ಜನವರಿಯಲ್ಲಿ ಮೇಲ್ಮನವಿ ಕೋರ್ಟ್ ಇದನ್ನು ತಿರುಗಿಸಿತು. ಕಾನೂನು ನಿಮ್ಮ ಕರ್ತವ್ಯ ಏನು ಅಂತ ತಿಳಿಸಿದರೆ ಸಾಕು, ಅದನ್ನು ಹೇಗೆ ಮಾಡಬೇಕು ಅಂತ ನಕ್ಷೆ ಬರೆದು ಕೊಡಬೇಕಾಗಿಲ್ಲ ಅಂದಿತು. ಸೇವೆ ಅಂಗಡಿಯ ‘ಒಳಗೆ’ ಸಿಗಬೇಕೆಂದೇನಿಲ್ಲ, ಅಂಗಡಿ‘ಯ’ ಸೇವೆ ಆಗಿದ್ದರೆ ಸಾಕು ಅಂತಲೂ ಹೇಳಿತು. ಪಿಜ್ಜಾ ಆರ್ಡರ್ ಮಾಡುವ ಆ್ಯಪ್‌ಗೂ ಪಿಜ್ಜಾ ಅಂಗಡಿಗೂ ನಂಟಿಲ್ಲ ಅನ್ನಲು ಆಗುತ್ತದಾ?

ಡೊಮಿನೋಸ್ ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ಅಕ್ಟೋಬರ್ 7ರಂದು ಕೋರ್ಟ್ ಅರ್ಜಿಯನ್ನೇ ತೆಗೆದುಕೊಳ್ಳಲಿಲ್ಲ. ಕಾರಣ ಹೇಳಲಿಲ್ಲ, ಹೇಳುವ ರೂಢಿಯೂ ಇಲ್ಲ. 2021ರ ಜೂನ್‌ನಲ್ಲಿ ಕೆಳ ಕೋರ್ಟ್ ಗ್ರಾಹಕರ ಪರ ತೀರ್ಪು ಕೊಟ್ಟು, 4,000 ಡಾಲರ್ ಪರಿಹಾರ ಕೊಡಿಸಿತು. 2022ರಲ್ಲಿ ರಾಜಿ. ಒಂದು ಪಿಜ್ಜಾ, ಆರು ವರ್ಷ.

ಫೋನ್ ಮಾಡಿ ತರಿಸಿಕೊಳ್ಳಬಹುದಲ್ಲಾ? ಅಂಗಡಿಯವರು ಸಹಾಯ ಮಾಡುತ್ತಾರಲ್ಲ?

ಡೊಮಿನೋಸ್ ಇದನ್ನೇ ವಾದಿಸಿತ್ತು. ಆದರೆ ಆ ಗ್ರಾಹಕರು ಫೋನ್ ಮಾಡಿ ಎರಡು ಸಲ 45 ನಿಮಿಷಕ್ಕೂ ಹೆಚ್ಚು ಕಾದು ಸಾಕಾಗಿ ಫೋನ್ ಇಟ್ಟುಬಿಟ್ಟಿದ್ದರು. ಹಸಿದವರನ್ನು ಮುಕ್ಕಾಲು ಗಂಟೆ ಕಾಯಿಸುವ ಫೋನ್ ಲೈನನ್ನು ಬದಲಿ ವ್ಯವಸ್ಥೆ ಅಂತ ಕೋರ್ಟ್ ಒಪ್ಪಲಿಲ್ಲ. ಮೇಲಾಗಿ ಆನ್‌ಲೈನ್‌ಗೆ ಮಾತ್ರ ಇರುವ ಆಫರುಗಳು ಫೋನಿನಲ್ಲಿ ಸಿಗುವುದು ಅಪರೂಪ.

ಕೇಸು ಹಾಕಿದವರಿಗೆ ಎಷ್ಟು ದುಡ್ಡು ಸಿಗುತ್ತದೆ?

ಎಡಿಎ ಮೂರನೇ ಭಾಗದಲ್ಲಿ ಖಾಸಗಿ ವ್ಯಕ್ತಿ ಹಾಕಿದ ಕೇಸಿಗೆ ಪರಿಹಾರದ ಹಣವೇ ಇಲ್ಲ. ‘ಸರಿ ಮಾಡಿ’ ಅನ್ನುವ ಆದೇಶ ಸಿಗುತ್ತದೆ, ಗೆದ್ದರೆ ವಕೀಲರ ಫೀಸು ಸಿಗುತ್ತದೆ. ಹಣ ಬರುವುದು ರಾಜ್ಯದ ಕಾನೂನುಗಳಿಂದ. ಕ್ಯಾಲಿಫೋರ್ನಿಯಾದ ಅನ್ರೂ ಕಾಯ್ದೆಯಲ್ಲಿ ಒಂದು ಉಲ್ಲಂಘನೆಗೆ ಕನಿಷ್ಠ 4,000 ಡಾಲರ್. ಡೊಮಿನೋಸ್ ಕೇಸಿನ ಅಂಕಿ ಬಂದದ್ದು ಅಲ್ಲಿಂದಲೇ.

ಇದೆಲ್ಲ ವಕೀಲರ ದಂಧೆ ಅಂತ ಕೇಳಿದ್ದೇನೆ. ನಿಜವಾ?

ಸ್ವಲ್ಪ ನಿಜ. ನ್ಯೂಯಾರ್ಕ್, ಫ್ಲಾರಿಡಾ, ಕ್ಯಾಲಿಫೋರ್ನಿಯಾದಂಥ ಕೆಲವೇ ರಾಜ್ಯಗಳಲ್ಲಿ ಇಂಥ ಕೇಸುಗಳ ರಾಶಿ. ಕೆಲವೇ ಲಾ ಫರ್ಮ್‌ಗಳು, ಕೆಲವೇ ವಾದಿಗಳು, ಒಂದೇ ದೂರಿನಲ್ಲಿ ಕಂಪನಿಯ ಹೆಸರು ಬದಲಿಸಿ ನೂರಾರು ಕಡೆ ಹಾಕುತ್ತಾರೆ. ಸಣ್ಣ ಅಂಗಡಿಯವರು ವಕೀಲರಿಗೆ ಕೊಡುವುದಕ್ಕಿಂತ ರಾಜಿಯೇ ಅಗ್ಗ ಅಂತ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಸೈಟು ಸರಿಯಾಯಿತಾ ಅಂತ ಆಮೇಲೆ ಯಾರೂ ನೋಡುವುದಿಲ್ಲ. ಇದರಿಂದ ಅಂಧ ಗ್ರಾಹಕರಿಗೂ ಲಾಭವಿಲ್ಲ.

ನ್ಯಾಯಾಧೀಶರಿಗೂ ಬೇಸರ ಬಂದಿದೆ. 2022ರಲ್ಲಿ ನ್ಯೂಯಾರ್ಕ್‌ನ ಮೇಲ್ಮನವಿ ಕೋರ್ಟ್, ಬ್ರೈಲ್ ಇಲ್ಲದ ಗಿಫ್ಟ್ ಕಾರ್ಡುಗಳ ಬಗ್ಗೆ ಬಂದ ಪಡಿಯಚ್ಚು ದೂರುಗಳನ್ನು ವಜಾ ಮಾಡಿತು. ನಿಜವಾಗಿ ಆ ಅಂಗಡಿಗೆ ಮತ್ತೆ ಹೋಗುವ ಉದ್ದೇಶ ಇದೆ ಅಂತ ತೋರಿಸಿ ಅಂತ ಕೇಳಿತು. ಒಂದು ಕೇಸಿನಲ್ಲಂತೂ ಬಟ್ಟೆ ಅಂಗಡಿಯನ್ನು ಊಟದ ಅಂಗಡಿ ಅಂತ ಕರೆದಿದ್ದರು!

ಆದರೆ ಇನ್ನೊಂದು ಮಗ್ಗುಲೂ ಇದೆ. ಇದನ್ನು ಖುದ್ದಾಗಿ ಪರಿಶೀಲಿಸಲು ಅಲ್ಲಿ ಸರ್ಕಾರಿ ಇನ್‌ಸ್ಪೆಕ್ಟರ್ ಇಲ್ಲ. ಕಾಯ್ದೆ ಬಹುಮಟ್ಟಿಗೆ ಜಾರಿಯಾಗುವುದೇ ಯಾರೋ ಕೇಸು ಹಾಕಿದಾಗ. ಸರ್ಕಾರ ಒಂದು ಸ್ಪಷ್ಟ ನಿಯಮ ಮಾಡಿದ್ದರೆ ಈ ರಾಶಿ ಬೀಳುತ್ತಿರಲಿಲ್ಲ. 2010ರಲ್ಲಿ ನ್ಯಾಯ ಇಲಾಖೆ ನಿಯಮ ಬರೆಯಲು ಹೊರಟಿತು, 2017ರ ಡಿಸೆಂಬರಿನಲ್ಲಿ ಕೈಬಿಟ್ಟಿತು. 2024ರ ಏಪ್ರಿಲ್‌ನಲ್ಲಿ ಕೊನೆಗೂ ಒಂದು ನಿಯಮ ಬಂತು, ಆದರೆ ರಾಜ್ಯ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಸೈಟುಗಳಿಗೆ ಮಾತ್ರ. ಅಂಗಡಿಗಳಿಗಲ್ಲ.

ಯಾವ ಮಾನದಂಡದ ಪ್ರಕಾರ ಸರಿ ಮಾಡಬೇಕು?

ಡಬ್ಲ್ಯುಸಿಎಜಿ, ಅಂದರೆ ಅಂಗವಿಕಲರಿಗೂ ಬಳಸಲು ಬರುವಂತೆ ಸೈಟು ಮಾಡುವ ಮಾರ್ಗಸೂಚಿ. ವೆಬ್‌ನ ತಾಂತ್ರಿಕ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 1999ರಲ್ಲಿ ಮೊದಲ ಆವೃತ್ತಿ ತಂದಿತು. 2.0 ಬಂದದ್ದು 2008ರಲ್ಲಿ, 2.1 ಬಂದದ್ದು 2018ರಲ್ಲಿ, 2.2 ಬಂದದ್ದು 2023ರಲ್ಲಿ. ಎ, ಎಎ, ಎಎಎ ಅಂತ ಮೂರು ಹಂತ. ಕೋರ್ಟು, ರಾಜಿ ಪತ್ರ, ಸರ್ಕಾರಿ ನಿಯಮ ಎಲ್ಲ ಕಡೆ ಸಾಮಾನ್ಯವಾಗಿ ಕೇಳುವುದು ಎಎ. 2.1ರ ಎಎ ಹಂತ ಮುಟ್ಟಲು 50 ಅಂಶಗಳನ್ನು ನೋಡಬೇಕು.

ಒಂದು ಸಾಲು ಕೋಡ್ ಹಾಕಿದರೆ ಸೈಟು ತಾನೇ ಸರಿಯಾಗುತ್ತದೆ ಅಂತ ಒಂದು ಕಂಪನಿ ಹೇಳುತ್ತಿದೆ. ಹಾಕಲೇ?

ಬೇಡ. ಇವನ್ನು ಓವರ್‌ಲೇ ಅನ್ನುತ್ತಾರೆ. ಮೂಲೆಯಲ್ಲಿ ಒಂದು ಮನುಷ್ಯನ ಗುರುತು ಕೂರಿಸಿ, ಅಕ್ಷರ ದೊಡ್ಡದು ಮಾಡುವುದು, ಬಣ್ಣ ಬದಲಿಸುವುದು ಇತ್ಯಾದಿ ಕೊಡುತ್ತವೆ. ಸ್ಕ್ರೀನ್ ರೀಡರ್ ಬಳಸುವವರ ಫೋನಿನಲ್ಲಿ ಅದೆಲ್ಲ ಮೊದಲೇ ಇರುತ್ತದೆ. ಎಷ್ಟೋ ಸಲ ಈ ಉಪಕರಣವೇ ಅವರಿಗೆ ಅಡ್ಡ ಬರುತ್ತದೆ. ಆಕ್ಸೆಸಿಬಿ ಎಂಬ ಕಂಪನಿ ತನ್ನ ಉಪಕರಣ ಯಾವ ಸೈಟನ್ನಾದರೂ ಡಬ್ಲ್ಯುಸಿಎಜಿಗೆ ತಕ್ಕಂತೆ ಮಾಡುತ್ತದೆ ಅಂತ ಪ್ರಚಾರ ಮಾಡಿತ್ತು. ಅದು ಸುಳ್ಳು ಪ್ರಚಾರ ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಆರೋಪ ಹೊರಿಸಿ, 10 ಲಕ್ಷ ಡಾಲರ್ ಕಟ್ಟುವ ಒಪ್ಪಂದಕ್ಕೆ ತಂದಿತು. ಓವರ್‌ಲೇ ಹಾಕಿಕೊಂಡ ಸೈಟುಗಳ ಮೇಲೂ ಕೇಸು ಬೀಳುತ್ತವೆ.

ಯುರೋಪಿನಲ್ಲಿ?

ಅಲ್ಲಿ ‘ಜಾಗ’ದ ಜಗಳ ಇಲ್ಲ. ಯುರೋಪಿಯನ್ ಆಕ್ಸೆಸಿಬಿಲಿಟಿ ಆಕ್ಟ್ 2025ರ ಜೂನ್ 28ರಿಂದ ಜಾರಿಯಲ್ಲಿದೆ, ಇ-ಕಾಮರ್ಸ್ ಅಂತ ಹೆಸರು ಹಿಡಿದೇ ಬರೆದಿದೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರು, 20 ಲಕ್ಷ ಯೂರೋ ಮೀರದ ವಹಿವಾಟು ಇರುವವರಿಗೆ ಸೇವೆಗಳ ವಿಷಯದಲ್ಲಿ ವಿನಾಯಿತಿ. ನೀವು ಇಲ್ಲಿಂದಲೇ ಅಲ್ಲಿನ ಗ್ರಾಹಕರಿಗೆ ಮಾರುತ್ತಿದ್ದರೂ ಅದು ನಿಮಗೆ ಸೇರಿದ್ದು.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ?

ಅಂಗವಿಕಲರ ಹಕ್ಕುಗಳ ಕಾಯ್ದೆ, 2016. ಜಾರಿಗೆ ಬಂದದ್ದು 2017ರ ಏಪ್ರಿಲ್ 19. ಕಾಗದದ ಮೇಲೆ ಇದು ಅಮೆರಿಕದ್ದಕ್ಕಿಂತ ಸ್ಪಷ್ಟ. ಖಾಸಗಿ ಸಂಸ್ಥೆಗಳನ್ನೂ ಹೆಸರಿಸುತ್ತದೆ. 42ನೇ ಕಲಂ ಎಲೆಕ್ಟ್ರಾನಿಕ್ ಮಾಧ್ಯಮದ ವಿಷಯ ಅಂಗವಿಕಲರಿಗೆ ಸಿಗುವ ರೂಪದಲ್ಲಿರಬೇಕು ಅನ್ನುತ್ತದೆ. 46ನೇ ಕಲಂ ಪ್ರಕಾರ ಸೇವೆ ಕೊಡುವವರು, ಸರ್ಕಾರವಿರಲಿ ಖಾಸಗಿಯಿರಲಿ, ನಿಯಮ ಬಂದ ಎರಡು ವರ್ಷದೊಳಗೆ ಸರಿಮಾಡಿಕೊಳ್ಳಬೇಕಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು 2019ಕ್ಕೇ ಮುಗಿದಿದೆ. 89ನೇ ಕಲಂನಲ್ಲಿ ದಂಡ: ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ತಪ್ಪಿದರೆ 50,000ದಿಂದ 5 ಲಕ್ಷದವರೆಗೆ. ದೊಡ್ಡ ಕಂಪನಿಗೆ ಹತ್ತು ಸಾವಿರ ಅಂದರೆ ಒಂದು ಮೀಟಿಂಗಿನ ಕಾಫಿ ತಿಂಡಿ ಖರ್ಚು.

ನಮ್ಮ ಸುಪ್ರೀಂ ಕೋರ್ಟ್ ಏನಾದರೂ ಹೇಳಿದೆಯಾ?

ಎರಡು ತೀರ್ಪು ನೆನಪಿಟ್ಟುಕೊಳ್ಳಿ. 2005ರಲ್ಲಿ ದೃಷ್ಟಿದೋಷವಿರುವ ಒಬ್ಬರು ಹಾಕಿದ್ದ ಅರ್ಜಿಯಲ್ಲಿ 2024ರ ನವೆಂಬರ್ 8ರಂದು ಬಂದದ್ದು ಮೊದಲನೆಯದು. 2017ರ ನಿಯಮಗಳ 15ನೇ ನಿಯಮ ಮಾನದಂಡಗಳನ್ನು ಬರೀ ಸಲಹೆಯ ಧಾಟಿಯಲ್ಲಿ ಹೇಳುತ್ತದೆ, ಕಾಯ್ದೆ ಕೇಳುವುದು ಕಡ್ಡಾಯವನ್ನು, ಹಾಗಾಗಿ ಅದು ಕಾಯ್ದೆಗೇ ವಿರುದ್ಧ ಅಂತ ಕೋರ್ಟ್ ಹೇಳಿ, ಕಡ್ಡಾಯ ನಿಯಮ ಮಾಡಲು ಕೇಂದ್ರಕ್ಕೆ ಮೂರು ತಿಂಗಳು ಕೊಟ್ಟಿತು.

ಎರಡನೆಯದು 2025ರ ಏಪ್ರಿಲ್ 30ರದ್ದು. ಆಸಿಡ್ ದಾಳಿಗೆ ಸಿಕ್ಕಿದವರು ಮತ್ತು ಪೂರ್ತಿ ದೃಷ್ಟಿ ಇಲ್ಲದ ಒಬ್ಬ ವಕೀಲರು ಡಿಜಿಟಲ್ ಕೆವೈಸಿ ವಿರುದ್ಧ ಹೋಗಿದ್ದರು. ಬ್ಯಾಂಕು, ಸಿಮ್ ಎಲ್ಲದಕ್ಕೂ ಕ್ಯಾಮೆರಾ ಮುಂದೆ ‘ಕಣ್ಣು ಮಿಟುಕಿಸಿ’ ಅನ್ನುತ್ತದಲ್ಲ, ರೆಪ್ಪೆಯೇ ಸುಟ್ಟವರು ಏನು ಮಾಡಬೇಕು? ಸೆಲ್ಫಿಯಲ್ಲಿ ಮುಖ ಚೌಕಟ್ಟಿನೊಳಗೆ ಬಂತಾ ಅಂತ ಕಾಣದವರಿಗೆ ಹೇಗೆ ತಿಳಿಯಬೇಕು? ನ್ಯಾಯಮೂರ್ತಿ ಜೆ.ಬಿ. ಪರ್ದಿವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ, ಡಿಜಿಟಲ್ ಸೌಲಭ್ಯ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿ 20 ನಿರ್ದೇಶನ ಕೊಟ್ಟಿತು. ಇದು ಶಾಪಿಂಗ್ ಕೇಸಲ್ಲ. ಆದರೆ ಮುಂದೆ ಯಾರೇ ಶಾಪಿಂಗ್ ಆ್ಯಪ್ ಮೇಲೆ ಕೋರ್ಟಿಗೆ ಹೋದರೂ ಮೊದಲು ಎತ್ತುವ ತೀರ್ಪು ಇದೇ.

ಇಲ್ಲಿ ಖಾಸಗಿ ಆ್ಯಪ್ ಮೇಲೆ ದೂರು ನಿಂತ ಉದಾಹರಣೆ ಇದೆಯಾ?

ಇದೆ, ಅದೂ ನಮ್ಮ ಬೆಂಗಳೂರಿನ ಕಂಪನಿಯದ್ದು. ಡಾಕ್ಟರ್ ಅಪಾಯಿಂಟ್‌ಮೆಂಟ್ ಕೊಡುವ ಪ್ರಾಕ್ಟೋ ಆ್ಯಪ್ ಸ್ಕ್ರೀನ್ ರೀಡರಿಗೆ ಹೊಂದುತ್ತಿಲ್ಲ ಅಂತ ಅಂಧ ವಕೀಲರೊಬ್ಬರು ದೆಹಲಿಯಲ್ಲಿರುವ ಅಂಗವಿಕಲರ ಮುಖ್ಯ ಆಯುಕ್ತರಿಗೆ ದೂರು ಕೊಟ್ಟರು. ಕಾಯ್ದೆ ಖಾಸಗಿಯವರಿಗೂ ಅನ್ವಯಿಸುತ್ತದೆ ಅಂತ 2022ರಲ್ಲಿ ಆದೇಶ ಬಂತು.

ಕರ್ನಾಟಕದಲ್ಲಿ ನಾನು ದೂರು ಎಲ್ಲಿ ಕೊಡಲಿ?

ಬೆಂಗಳೂರಿನಲ್ಲಿ ರಾಜ್ಯ ಅಂಗವಿಕಲ ವ್ಯಕ್ತಿಗಳ ಅಧಿನಿಯಮ ಆಯುಕ್ತರ ಕಚೇರಿ ಇದೆ. ದೆಹಲಿಯಲ್ಲಿ ಮುಖ್ಯ ಆಯುಕ್ತರಿದ್ದಾರೆ. ಇಬ್ಬರಿಗೂ ವಿಚಾರಣೆ ಮಾಡುವಾಗ ಸಿವಿಲ್ ಕೋರ್ಟಿನ ಕೆಲವು ಅಧಿಕಾರಗಳಿವೆ: ಸಾಕ್ಷಿ ಕರೆಸಬಹುದು, ದಾಖಲೆ ತರಿಸಬಹುದು. ಕೊನೆಗೆ ಕೊಡುವುದು ಶಿಫಾರಸು. ಅದರ ಮೇಲೆ ಏನು ಮಾಡಿದಿರಿ ಅಂತ ಮೂರು ತಿಂಗಳೊಳಗೆ ತಿಳಿಸಬೇಕು. ಆನ್‌ಲೈನ್ ಖರೀದಿಯ ಸಾಮಾನ್ಯ ತಕರಾರಿಗೆ ಗ್ರಾಹಕ ಸಹಾಯವಾಣಿ 1915 ಇದೆ.

ದೂರು ಬರೆಯುವಾಗ ‘ಆ್ಯಪ್ ಸರಿಯಿಲ್ಲ’ ಅಂತ ಬರೆದರೆ ಪ್ರಯೋಜನವಿಲ್ಲ. ಯಾವ ಫೋನು, ಯಾವ ಸ್ಕ್ರೀನ್ ರೀಡರ್, ಆ್ಯಪ್‌ನ ಯಾವ ಆವೃತ್ತಿ, ಯಾವ ದಿನ, ಯಾವ ಹಂತದಲ್ಲಿ ನಿಂತುಹೋಯಿತು, ಅಲ್ಲಿ ಸ್ಕ್ರೀನ್ ರೀಡರ್ ಏನು ಹೇಳಿತು, ಇಷ್ಟೂ ಬರೆಯಿರಿ. ಟಾಕ್‌ಬ್ಯಾಕ್ ದನಿ ಕೇಳುವ ಹಾಗೆ ಪರದೆಯ ವಿಡಿಯೋ ಮಾಡಿ ಇಟ್ಟುಕೊಳ್ಳಿ. ಕಂಪನಿಗೆ ಮೊದಲು ಮೇಲ್ ಹಾಕಿದ್ದು, ಅವರ ಉತ್ತರ, ಎರಡನ್ನೂ ಲಗತ್ತಿಸಿ. ಹೋರಾಟ ನಿಲ್ಲುವುದು ಈ ಕಾಗದಗಳ ಮೇಲೆಯೇ.

ಕನ್ನಡದ ಸೈಟುಗಳಲ್ಲಿ ಬೇರೆ ಏನಾದರೂ ತೊಂದರೆ ಇದೆಯಾ?

ಇದೆ. ಕನ್ನಡದ ಬ್ಯಾನರುಗಳನ್ನು ಚಿತ್ರವಾಗಿ ಹಾಕುವ ಚಾಳಿ ಜಾಸ್ತಿ. ‘ಯುಗಾದಿ ವಿಶೇಷ ರಿಯಾಯಿತಿ’ ಅಂತ ಚಂದದ ಅಕ್ಷರದಲ್ಲಿ ಬರೆದಿರುತ್ತಾರೆ, ಸ್ಕ್ರೀನ್ ರೀಡರಿಗೆ ಅದು ಬರೀ ಚಿತ್ರ. ಇನ್ನೊಂದು, ಯೂನಿಕೋಡ್ ಅಲ್ಲದ ಹಳೇ ನುಡಿ, ಬರಹ ಫಾಂಟುಗಳು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ದರಪಟ್ಟಿಯ ಪಿಡಿಎಫ್ ತೆರೆದರೆ ಅರ್ಥವಿಲ್ಲದ ಗದ್ದಲ ಕೇಳಿಸುತ್ತದೆ. ಮೂರನೆಯದು, ಪುಟದ ಭಾಷೆ ಕನ್ನಡ ಅಂತ ಕೋಡಿನಲ್ಲಿ ಹೇಳದೆ ಬಿಡುವುದು. ಆಗ ಸ್ಕ್ರೀನ್ ರೀಡರ್ ಎಷ್ಟೋ ಸಲ ಇಂಗ್ಲಿಷ್ ದನಿಯಲ್ಲೇ ಓದಲು ಹೋಗಿ ಅಕ್ಷರ ನುಂಗುತ್ತದೆ.

ನಮ್ಮದು ಸಣ್ಣ ಆನ್‌ಲೈನ್ ಅಂಗಡಿ. ಎಲ್ಲಿಂದ ಶುರು ಮಾಡಲಿ?

ಮೌಸ್ ಕಿತ್ತಿಡಿ. ಟ್ಯಾಬ್, ಎಂಟರ್, ಬಾಣದ ಕೀ ಇಷ್ಟರಲ್ಲೇ ಮೊದಲ ಪುಟದಿಂದ ದುಡ್ಡು ಕಟ್ಟುವವರೆಗೆ ಹೋಗಿ. ಎಲ್ಲಿ ಸಿಕ್ಕಿಕೊಂಡಿರೋ ಅದನ್ನು ಮೊದಲು ಸರಿಪಡಿಸಿ. ಆಮೇಲೆ ಸಾಮಾನಿನ ಚಿತ್ರಗಳಿಗೆ ಆಲ್ಟ್ ಟೆಕ್ಸ್ಟ್ ಬರೆಯಿರಿ. ‘ಸೀರೆ’ ಅಂದರೆ ಸಾಲದು. ‘ಕೆಂಪು ಸೆರಗಿನ ಹಸಿರು ಇಳಕಲ್ ಸೀರೆ’ ಅನ್ನಿ. ಬಣ್ಣದ ಚುಕ್ಕಿಗಳಿಗೆ, ಮುಚ್ಚುವ ಗುರುತಿಗೆ, ಫಾರ್ಮಿನ ಪ್ರತಿ ಪೆಟ್ಟಿಗೆಗೆ ಹೆಸರು ಕೊಡಿ. ತಪ್ಪನ್ನು ಬಣ್ಣದಲ್ಲಿ ಮಾತ್ರ ತೋರಿಸದೆ ಪದಗಳಲ್ಲೂ ಹೇಳಿ. ಇದರಲ್ಲಿ ಬಹಳಷ್ಟು ಒಬ್ಬ ಡೆವಲಪರ್ ಕೆಲವೇ ದಿನಗಳಲ್ಲಿ ಮುಗಿಸುವಂಥದ್ದು. ಪೇಮೆಂಟ್ ಪುಟ ಬೇರೆ ಕಂಪನಿಯದ್ದಾಗಿದ್ದರೆ ಅವರ ಹತ್ತಿರ ಆಕ್ಸೆಸಿಬಿಲಿಟಿ ವರದಿ, ಅಂದರೆ ಅಂಗವಿಕಲರಿಗೆ ಬಳಸಲು ಬರುತ್ತದೆಯಾ ಅಂತ ಹೇಳುವ ವರದಿ ಕೇಳಿ, ಕರಾರಿನಲ್ಲಿ ಬರೆಸಿಕೊಳ್ಳಿ.

ಇಷ್ಟಾದ ಮೇಲೆ ದಿನವೂ ಸ್ಕ್ರೀನ್ ರೀಡರ್ ಬಳಸುವ ಒಬ್ಬರನ್ನು ಕರೆದು, ನಿಜವಾದ ದುಡ್ಡಿನಲ್ಲಿ ಒಂದು ಸಾಮಾನು ಕೊಳ್ಳಲು ಹೇಳಿ. ನೀವು ಬಾಯಿ ಹಾಕದೆ ಪಕ್ಕದಲ್ಲಿ ಕೂತಿರಿ. ಅವರ ಸಮಯಕ್ಕೆ ಸಂಬಳ ಕೊಡಿ, ಕೊಂಡ ಸಾಮಾನಿನ ದುಡ್ಡೂ ನಿಮ್ಮದೇ ಇರಲಿ.